ನಮ್ಮ ಹತ್ತಿರ ಏನೇನಿದೆ? ಸರ್ವರ್ ಗಣತಿಯ ಕಥೆ



ಇವತ್ತಿನ ವಿಷಯ ಮೊದಲಿಗೆ ಸ್ವಲ್ಪ ಒಣ ಅನ್ನಿಸಬಹುದು. ಒಂದು ಸಂಸ್ಥೆಯಲ್ಲಿ ನೂರಾರು, ಸಾವಿರಾರು ಸರ್ವರ್‌ಗಳಿರುತ್ತವೆ. ಯಾವುದು ಯಾವ ಕಂಪನಿಯ ಯಂತ್ರ, ಅದರಲ್ಲಿ ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಮೇಲೆ ಯಾವ ಸಾಫ್ಟ್‌ವೇರ್, ಅದರ ಎಷ್ಟನೇ ಆವೃತ್ತಿ, ಈ ಲೆಕ್ಕವನ್ನ ಇವತ್ತು ಮನುಷ್ಯರು ಓಡಾಡಿ ಬರೆದುಕೊಳ್ಳಲ್ಲ. ಸ್ಕ್ಯಾನರ್ ಅನ್ನೋ ಪ್ರೋಗ್ರಾಮ್‌ಗಳು ತಾವಾಗೇ ಹುಡುಕಿ ಪಟ್ಟಿ ಮಾಡ್ತವೆ. ಈ ಪದ್ಧತಿ ಹೇಗೆ ಹುಟ್ಟಿತು, ಹೇಗೆ ಬೆಳೀತು, ಎಲ್ಲಿ ಎಡವಿತು ಅನ್ನೋದು ಇವತ್ತಿನ ಮಾತು.

ಇದನ್ನ ಆರಿಸಿಕೊಳ್ಳೋಕೆ ನನಗೊಂದು ಕಾರಣ ಇದೆ. 2021ರ ಡಿಸೆಂಬರ್ 10, ಶುಕ್ರವಾರ. ನಾನು ಪುಣೆಯಲ್ಲಿ ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಆ ದಿನ ಲಾಗ್‌ಫೋರ್‌ಜೆ ಅನ್ನೋ ಲೈಬ್ರರಿಯಲ್ಲಿ ಭಾರೀ ದೋಷ ಇದೆ ಅಂತ ಜಗತ್ತಿಗೆಲ್ಲ ಗೊತ್ತಾಯ್ತು. ಜಾವಾ ಪ್ರೋಗ್ರಾಮ್‌ಗಳು ತಮ್ಮಲ್ಲಿ ಏನಾಯ್ತು ಅಂತ ಬರೆದಿಡೋಕೆ ಬಳಸೋ ಚಿಕ್ಕ ಲೈಬ್ರರಿ ಅದು. ಹೊರಗಿನವನೊಬ್ಬ ಒಂದು ಸಾಲು ವಿಶೇಷ ಅಕ್ಷರಗಳನ್ನ ಕಳಿಸಿ, ಪ್ರೋಗ್ರಾಮ್ ಅದನ್ನ ಲಾಗ್‌ನಲ್ಲಿ ಬರೆದುಕೊಂಡರೆ ಸಾಕು, ಆ ಸರ್ವರ್ ಅವನ ಮಾತು ಕೇಳೋಕೆ ಶುರು ಮಾಡಬಹುದಿತ್ತು. ದೋಷದ ತೀವ್ರತೆಗೆ ಕೊಡೋ ಅಂಕ ಹತ್ತಕ್ಕೆ ಹತ್ತು.

ಸಂಜೆ ಕಾಲ್‌ನಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಇದು ನಮ್ಮಲ್ಲಿ ಎಲ್ಲೆಲ್ಲಿದೆ?"

ನಮ್ಮ ಹತ್ತಿರ ಸ್ಕ್ಯಾನರ್ ಇತ್ತು. ವಾರಕ್ಕೊಮ್ಮೆ ಎಲ್ಲ ಸರ್ವರ್‌ಗಳ ಲೆಕ್ಕ ತೆಗೀತಿತ್ತು. ವರದಿ ತೆಗೆದು ನೋಡಿದೆ. ಹದಿನಾಲ್ಕು ಸರ್ವರ್‌ಗಳ ಹೆಸರು ಬಂತು. ರಾತ್ರಿಯಿಡೀ ಕೂತು ಹದಿನಾಲ್ಕನ್ನೂ ಸರಿ ಮಾಡಿದ್ವಿ. ಶನಿವಾರ ಬೆಳಿಗ್ಗೆ ನೆಮ್ಮದಿಯಾಗಿ ಮಲಗಿದೆ. ಆ ನೆಮ್ಮದಿ ಸುಳ್ಳಾಗಿತ್ತು. ಆ ಕಥೆಗೆ ಕೊನೆಯಲ್ಲಿ ಬರ್ತೀನಿ.

ಫೋನ್ ಮಾಡಿ ಹೆಸರು ಬರೆಸೋ ಕಾಲ

ಮೊದಲು ಅಮೆರಿಕಕ್ಕೆ, 1970ರ ದಶಕಕ್ಕೆ ಹೋಗೋಣ. ಇವತ್ತಿನ ಅಂತರ್ಜಾಲದ ಪೂರ್ವಜ ಆರ್ಪಾನೆಟ್. ಅದರಲ್ಲಿದ್ದ ಕಂಪ್ಯೂಟರ್‌ಗಳ ಪಟ್ಟಿಯನ್ನ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ನೋಡಿಕೊಳ್ತಿತ್ತು. ಆ ಕೇಂದ್ರ ನಡೆಸ್ತಿದ್ದವರು ಎಲಿಜಬೆತ್ ಫೈನ್ಲರ್. ಎಲ್ಲರೂ ಅವರನ್ನ ಜೇಕ್ ಅಂತ ಕರೀತಿದ್ರು. ನಿಮ್ಮ ವಿಶ್ವವಿದ್ಯಾಲಯ ಹೊಸ ಕಂಪ್ಯೂಟರ್ ಸೇರಿಸಬೇಕು ಅಂದ್ರೆ ಕಚೇರಿ ಸಮಯದಲ್ಲಿ ಅವರ ಕೇಂದ್ರಕ್ಕೆ ಫೋನ್ ಮಾಡಬೇಕಿತ್ತು, ಇಲ್ಲ ಮೇಲ್ ಕಳಿಸಬೇಕಿತ್ತು. ಅಲ್ಲಿನವರು ಒಂದು ಕಡತದಲ್ಲಿ ಒಂದು ಸಾಲು ಸೇರಿಸ್ತಿದ್ರು. ಎಲ್ಲರೂ ಆ ಕಡತವನ್ನ ತಮ್ಮ ಯಂತ್ರಕ್ಕೆ ನಕಲು ಮಾಡಿಕೊಳ್ತಿದ್ರು. ಅದರ ಹೆಸರು ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಆ ಸಾಲಿನ ರೂಪ. 1985ರ ಆರ್‌ಎಫ್‌ಸಿ 952 ಅನ್ನೋ ದಾಖಲೆಯಲ್ಲಿ ಅದರ ವಿವರ ಇದೆ. ವಿಳಾಸ, ಹೆಸರು, ಆಮೇಲೆ ಯಂತ್ರದ ಬಗೆ, ಆಮೇಲೆ ಆಪರೇಟಿಂಗ್ ಸಿಸ್ಟಂ, ಆಮೇಲೆ ಅದು ಯಾವ ಯಾವ ಸೇವೆ ಕೊಡುತ್ತೆ ಅನ್ನೋದು. ಅಂದ್ರೆ ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಎರಡರ ಗಣತಿಯೂ ಒಂದೇ ಸಾಲಿನಲ್ಲಿ! ಇವತ್ತು ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳೋ ಸಾಧನಗಳು ಕೊಡೋ ವರದಿಯ ಮುಖ್ಯ ಕಲಂಗಳೂ ಹೆಚ್ಚುಕಮ್ಮಿ ಇವೇ.

1981ರ ಆಗಸ್ಟ್‌ನಲ್ಲಿ ಜಾಲದಲ್ಲಿದ್ದ ಕಂಪ್ಯೂಟರ್‌ಗಳ ಸಂಖ್ಯೆ 213. ಅಷ್ಟಕ್ಕೆ ಫೋನ್ ಸಾಕಿತ್ತು. ಜಾಲ ಬೆಳೆದ ಹಾಗೆ ಒಂದೇ ಕಡತ ಭಾರವಾಯ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನ ರೂಪಿಸಿದ್ರು. ಹೆಸರುಗಳ ಜವಾಬ್ದಾರಿ ಒಂದು ಕಚೇರಿಯಿಂದ ಆಯಾ ಸಂಸ್ಥೆಗಳಿಗೇ ಹಂಚಿಹೋಯ್ತು. ಅದರಲ್ಲೂ ಯಂತ್ರದ ಬಗೆ, ಆಪರೇಟಿಂಗ್ ಸಿಸ್ಟಂ ಬರೆಯೋಕೆ ಎಚ್‌ಇನ್ಫೋ ಅಂತ ಒಂದು ಜಾಗ ಬಿಟ್ಟಿದ್ರು. ಆದ್ರೆ ಅದನ್ನ ತುಂಬಲೇಬೇಕು ಅಂತ ಯಾರೂ ಬೆನ್ನು ಹತ್ತಲಿಲ್ಲ. ಮುಂದೆ, ಈ ವಿವರ ಕಳ್ಳರಿಗೇ ಹೆಚ್ಚು ಉಪಯೋಗ ಅಂತ ಬಹಳ ಜನ ಖಾಲಿ ಬಿಟ್ಟರು.

ಊರಲ್ಲಿ ಜಮೀನು ಇರೋರಿಗೆ ಈ ಸಮಸ್ಯೆ ಬೇಗ ಅರ್ಥ ಆಗುತ್ತೆ. ಪಹಣಿಯಲ್ಲಿ ರಾಗಿ ಅಂತ ಬರೆದಿರುತ್ತೆ. ಹೊಲಕ್ಕೆ ಹೋದ್ರೆ ನೀಲಗಿರಿ ಆಳೆತ್ತರ ಬೆಳೆದಿರುತ್ತೆ. ಮಾಲೀಕ ಹೇಳಿ ಬರೆಸಿದ ದಾಖಲೆ ಬರೆಸಿದ ದಿನಕ್ಕೆ ಮಾತ್ರ ಸರಿ.

ಎಣಿಸದೇ ಹೇಳಿದ ಒಂದು ಸಂಖ್ಯೆ

1988ರ ನವೆಂಬರ್ 2. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬರೆದ ಪ್ರೋಗ್ರಾಮ್ ಒಂದು ಜಾಲದಲ್ಲಿ ತಾನಾಗೇ ಹರಡೋಕೆ ಶುರುವಾಯ್ತು. ಅದನ್ನೇ ಮಾರಿಸ್ ವರ್ಮ್ ಅಂತಾರೆ. ಎರಡು ಬಗೆಯ ಯಂತ್ರಗಳಿಗೆ ಮಾತ್ರ ಅದು ತಗಲುತ್ತಿತ್ತು: ಡಿಜಿಟಲ್ ಕಂಪನಿಯ ವ್ಯಾಕ್ಸ್ ಮತ್ತು ಸನ್ ಕಂಪನಿಯ ಸನ್-3. ಎಷ್ಟು ಯಂತ್ರ ಕೆಟ್ಟವು ಅಂತ ಕೇಳಿದ್ರೆ ಇವತ್ತಿಗೂ ಪುಸ್ತಕಗಳಲ್ಲಿ ಸಿಗೋ ಉತ್ತರ 6,000.

ಆ 6,000 ಹೇಗೆ ಬಂತು ಗೊತ್ತಾ? ಜಾಲದಲ್ಲಿ ಒಟ್ಟು 60,000 ಯಂತ್ರ ಇರಬಹುದು, ಅದರಲ್ಲಿ ಹತ್ತನೇ ಒಂದು ಭಾಗಕ್ಕೆ ತಗುಲಿರಬಹುದು ಅಂತ ಹಾಕಿದ ಅಂದಾಜು. ಆ ಸಂಖ್ಯೆ ಹುಟ್ಟಿದಾಗ ತಾನು ಅಲ್ಲೇ ಇದ್ದೆ ಅಂತ ಪ್ರೋಗ್ರಾಮರ್ ಪಾಲ್ ಗ್ರಹಾಂ ಮುಂದೆ ಬರೆದಿದ್ದಾರೆ. ಒಟ್ಟು ಸಂಖ್ಯೆಯ ಊಹೆ ತೀರಾ ತಪ್ಪಿರಲಿಲ್ಲ. ಮಾರ್ಕ್ ಲಾಟರ್ ಅನ್ನೋರು ಡಿಎನ್‌ಎಸ್ ದಾಖಲೆಗಳನ್ನ ಪ್ರೋಗ್ರಾಮ್‌ನಿಂದ ಜಾಲಾಡಿ ತೆಗೆದ ಲೆಕ್ಕದ ಪ್ರಕಾರ ಆ ವರ್ಷ ಅಕ್ಟೋಬರ್‌ನಲ್ಲಿ ಇದ್ದದ್ದು 56,000. ಆದ್ರೆ ಅವುಗಳಲ್ಲಿ ವ್ಯಾಕ್ಸ್ ಎಷ್ಟು, ಸನ್-3 ಎಷ್ಟು, ಯಾವುದರಲ್ಲಿ ಆ ದೋಷದ ಸೆಂಡ್‌ಮೇಲ್ ಇದೆ? ಹೇಳಬಲ್ಲವರು ಯಾರೂ ಇರಲಿಲ್ಲ.

ವಿಚಿತ್ರ ಅಂದ್ರೆ, ಆ ರಾತ್ರಿ ಜಾಲವನ್ನ ಎಲ್ಲರಿಗಿಂತ ಚೆನ್ನಾಗಿ ಓದಿದ್ದು ವರ್ಮೇ. ಒಂದು ಯಂತ್ರದೊಳಗೆ ಹೋದ ಕೂಡಲೇ ಅದು ಅಲ್ಲಿರೋ ಕಡತಗಳನ್ನ ತೆರೆದು, ಈ ಯಂತ್ರ ಯಾರನ್ನ ನಂಬುತ್ತೆ, ಯಾವ ಯಾವ ಯಂತ್ರದ ಜೊತೆ ಮಾತಾಡುತ್ತೆ ಅಂತ ಪಟ್ಟಿ ಮಾಡಿಕೊಳ್ತಿತ್ತು. ಆಮೇಲೆ ಒಂದೊಂದರ ಬಾಗಿಲು ತಟ್ಟುತ್ತಿತ್ತು. ಮುಂದೆ ಬಂದ ಸ್ಕ್ಯಾನರ್‌ಗಳು ಮಾಡೋ ಕೆಲಸದ ತಿರುಳೂ ಇದೇ, ಉದ್ದೇಶ ಬೇರೆ. ಈ ಘಟನೆಯ ಬೆನ್ನಲ್ಲೇ, ಅದೇ ತಿಂಗಳು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ಸಿಇಆರ್‌ಟಿ ತಂಡ ಹುಟ್ಟಿತು.

ಯಂತ್ರವನ್ನೇ ಕೇಳೋದು

ಅದೇ 1988ರ ಆಗಸ್ಟ್‌ನಲ್ಲಿ ಇನ್ನೊಂದು ದಾಖಲೆ ಬಂದಿತ್ತು, ಆರ್‌ಎಫ್‌ಸಿ 1067. ಅದು ಎಸ್‌ಎನ್‌ಎಂಪಿ ಅನ್ನೋ ಮಾತಿನ ನಿಯಮವನ್ನ ಹೇಳಿತು. ಜೆಫ್ರಿ ಕೇಸ್ ಮತ್ತು ಅವರ ಜೊತೆಗಾರರ ವಿಚಾರ ಸರಳ: ಮಾಲೀಕನನ್ನ ಯಾಕೆ ಕೇಳಬೇಕು? ಯಂತ್ರವನ್ನೇ ಕೇಳೋಣ. ಪ್ರತಿ ಪ್ರಶ್ನೆಗೂ ಚುಕ್ಕಿಗಳಿಂದ ಬೇರ್ಪಟ್ಟ ಒಂದು ಸಂಖ್ಯೆ. 1.3.6.1.2.1.1.1 ಅಂತ ಕೇಳಿದ್ರೆ "ನೀನು ಯಾರು, ವಿವರ ಹೇಳು" ಅಂತ ಅರ್ಥ. ಯಂತ್ರ ಒಂದು ಸಾಲಿನಲ್ಲಿ ತನ್ನ ಮಾದರಿ, ಆಪರೇಟಿಂಗ್ ಸಿಸ್ಟಂ ಹೇಳುತ್ತೆ. ಶುರುವಿನಲ್ಲಿ ಇದು ರೌಟರ್‌ಗಳಿಗಾಗಿ ಇತ್ತು. 1993ರಲ್ಲಿ ಆರ್‌ಎಫ್‌ಸಿ 1514 ಇದನ್ನ ಸರ್ವರ್‌ಗಳಿಗೂ ತಂತು. ಯಾವ ಯಾವ ಸಾಧನ ಜೋಡಿಸಿದೆ ಅನ್ನೋದಕ್ಕೆ ಒಂದು ಕೋಷ್ಟಕ, ಯಾವ ಯಾವ ಸಾಫ್ಟ್‌ವೇರ್ ಹಾಕಿದೆ ಅನ್ನೋದಕ್ಕೆ ಇನ್ನೊಂದು.

ಇದಕ್ಕೊಂದು ಗುಪ್ತಪದ ಬೇಕಿತ್ತು. ಬಹಳಷ್ಟು ಸಾಧನಗಳಲ್ಲಿ ತಯಾರಕರು ಇಟ್ಟು ಕಳಿಸ್ತಿದ್ದ ಪದ ಯಾವುದು ಅಂದ್ರೆ "ಪಬ್ಲಿಕ್". ಬೀಗದ ಮೇಲೇ ಬೀಗದಕೈ ನೇತುಹಾಕಿದ ಹಾಗೆ. ಎಷ್ಟೋ ಕಡೆ ಅದನ್ನ ಬದಲಿಸದೇ ವರ್ಷಗಟ್ಟಲೆ ಬಿಟ್ಟರು.

ಇದರ ಜೊತೆಗೇ ಇನ್ನೊಂದು ಗಣತಿ ಯಂತ್ರದೊಳಗೇ ನಡೀತಿತ್ತು. ನೀವು ಕಂಪ್ಯೂಟರ್ ಆನ್ ಮಾಡಿದ ಪ್ರತಿ ಸಲವೂ ಅದು ತನ್ನೊಳಗೆ ಯಾವ ಯಾವ ಕಾರ್ಡ್ ಇದೆ ಅಂತ ಎಣಿಸಿಕೊಳ್ಳುತ್ತೆ. 1992ರಲ್ಲಿ ಬಂದ ಪಿಸಿಐ ಪದ್ಧತಿಯಲ್ಲಿ ಪ್ರತಿ ದಾರಿಯಲ್ಲೂ 32 ಮನೆ, ಪ್ರತಿ ಮನೆಗೆ 8 ಕೋಣೆ ಅಂದುಕೊಳ್ಳಿ. ಸಿಸ್ಟಂ ಒಂದೊಂದು ಮನೆಯ ಬಾಗಿಲು ತಟ್ಟಿ "ನಿಮ್ಮ ಕಂಪನಿ ಯಾವುದು?" ಅಂತ ಕೇಳುತ್ತೆ. ಇಂಟೆಲ್ ಆದ್ರೆ 8086 ಅನ್ನೋ ಸಂಖ್ಯೆ ಬರುತ್ತೆ, ಅವರ ಹೆಸರಾಂತ ಹಳೇ ಚಿಪ್‌ನ ನೆನಪಿಗೆ. ಎಎಂಡಿ ಆದ್ರೆ 1022. ಯಾರೂ ಇಲ್ಲದಿದ್ರೆ ಹದಿನಾರು ಬಿಟ್‌ಗಳೂ 1 ಆಗಿ ಬರುತ್ತವೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಅನ್ನೋ ಆಜ್ಞೆ ಕೊಟ್ರೆ ಕಾಣೋದು ಈ ಎಣಿಕೆಯ ಫಲ. ಚಿಪ್ ಒಳಗೇ ಕೆತ್ತಿದ ಉತ್ತರ ಆದ್ದರಿಂದ ಇದನ್ನ ಸಾಕಷ್ಟು ನಂಬಬಹುದು.

ಆದ್ರೆ ಸರ್ವರ್‌ನ ಮಾದರಿ, ಸೀರಿಯಲ್ ಸಂಖ್ಯೆ, ಯಾವ ಸ್ಲಾಟ್‌ನಲ್ಲಿ ಎಷ್ಟು ಮೆಮೊರಿ ಅನ್ನೋದೆಲ್ಲ ಎಸ್‌ಎಂಬಯೋಸ್ ಅನ್ನೋ ಕೋಷ್ಟಕದಿಂದ ಬರುತ್ತೆ. ಮದರ್‌ಬೋರ್ಡ್ ಜೊತೆ ಬರೋ ಬಯೋಸ್ ಇದನ್ನ ಒದಗಿಸುತ್ತೆ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಅನ್ನೋ ಸಾಧನ ಅದನ್ನ ಓದಿ ಹೇಳುತ್ತೆ. ಕೆಲವು ಯಂತ್ರಗಳಲ್ಲಿ ಇದನ್ನ ಓಡಿಸಿದ್ರೆ ಸೀರಿಯಲ್ ಸಂಖ್ಯೆಯ ಜಾಗದಲ್ಲಿ ಬರೋ ಉತ್ತರ "ಟು ಬಿ ಫಿಲ್ಡ್ ಬೈ ಓಇಎಂ". ಅಂದ್ರೆ "ಇದನ್ನ ಯಂತ್ರ ಜೋಡಿಸಿದ ಕಂಪನಿ ತುಂಬಬೇಕು" ಅಂತ. ಕಾರ್ಖಾನೆಯಲ್ಲಿ ಯಾರೋ ತುಂಬೋದು ಮರೆತಿದ್ದಾರೆ. ಸೀರಿಯಲ್ ಸಂಖ್ಯೆಯನ್ನೇ ಗುರುತು ಅಂತ ನಂಬಿರೋ ಗಣತಿ ಸಾಧನ ಇಂಥ ಹತ್ತು ಸರ್ವರ್‌ಗಳನ್ನ ಒಂದೇ ಅಂತ ಬರೆದುಕೊಳ್ಳಬಹುದು. ಈ ಕೋಷ್ಟಕದ ಮಾಹಿತಿ ಬಹಳ ಸಲ ತಪ್ಪೋ ಅಪೂರ್ಣವೋ ಆಗಿರುತ್ತೆ ಅಂತ ಡಿಎಂಐಡಿಕೋಡ್‌ನ ಕೈಪಿಡಿಯೇ ಎಚ್ಚರಿಕೆ ಕೊಡುತ್ತೆ.

ಧಾಟಿ ನೋಡಿ ಊರು ಗುರುತಿಸೋದು

ಕೇಳಿದ್ರೆ ಯಂತ್ರ ಸುಳ್ಳು ಹೇಳಬಹುದು, ಸುಮ್ಮನಿರಬಹುದು. ಹಾಗಾದ್ರೆ ಅದರ ನಡವಳಿಕೆ ನೋಡಿ ಊಹಿಸೋಣ ಅನ್ನೋದು ಮುಂದಿನ ಹೆಜ್ಜೆ.

1995ರ ಏಪ್ರಿಲ್ 5ರಂದು ಡಾನ್ ಫಾರ್ಮರ್ ಮತ್ತು ವೀಟ್ಸೆ ವೆನೆಮಾ ಅನ್ನೋ ಇಬ್ಬರು ಸೇಟನ್ ಅನ್ನೋ ಸಾಧನವನ್ನ ಉಚಿತವಾಗಿ ಬಿಡುಗಡೆ ಮಾಡಿದ್ರು. ಜಾಲದಲ್ಲಿರೋ ಯಂತ್ರಗಳನ್ನ ಹುಡುಕಿ, ಅವುಗಳ ಸೇವೆಗಳನ್ನ ತಟ್ಟಿನೋಡಿ, ದೋಷಗಳ ವರದಿಯನ್ನ ಬ್ರೌಸರ್‌ನಲ್ಲೇ ತೋರಿಸ್ತಿತ್ತು. ಹೆಸರೇ ಸೈತಾನ, ಗಲಾಟೆ ಆಗದೇ ಇರುತ್ತಾ? ಇದು ಕಳ್ಳರ ಕೈಗೆ ಆಯುಧ ಅಂತ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ಆಯ್ತು. ಆ ವಿವಾದದಲ್ಲಿ ಫಾರ್ಮರ್ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಕೆಲಸ ಕಳ್ಕೊಂಡ್ರು. ಹೆಸರು ಕೇಳಿ ಬೇಜಾರಾದವರಿಗೆ ಅಂತ ಅದರ ಜೊತೆ ಒಂದು ಚಿಕ್ಕ ಪ್ರೋಗ್ರಾಮ್ ಕೊಟ್ಟಿದ್ರು. ಅದನ್ನ ಓಡಿಸಿದ್ರೆ ಸೇಟನ್ ಹೋಗಿ ಸಾಂಟಾ ಅಂತ ಆಗ್ತಿತ್ತು!

ಎರಡು ವರ್ಷ ಆದ್ಮೇಲೆ, 1997ರ ಸೆಪ್ಟೆಂಬರ್ 1ರಂದು, ಗಾರ್ಡನ್ ಲಯನ್ ಅನ್ನೋರು ಫ್ಯೋಡೋರ್ ಅನ್ನೋ ಹೆಸರಲ್ಲಿ ಫ್ರ್ಯಾಕ್ ಪತ್ರಿಕೆಯ 51ನೇ ಸಂಚಿಕೆಯಲ್ಲಿ ಸುಮಾರು 2,000 ಸಾಲಿನ ಒಂದು ಪ್ರೋಗ್ರಾಮ್ ಪ್ರಕಟಿಸಿದ್ರು. ಅದೇ ಎನ್‌ಮ್ಯಾಪ್. ಇವತ್ತಿಗೂ ನಾನು ವಾರಕ್ಕೊಮ್ಮೆಯಾದ್ರೂ ಬಳಸ್ತೀನಿ.

ಅದು ಕೆಲಸ ಮಾಡೋ ರೀತಿ ಹೀಗೆ. ಪ್ರತಿ ಯಂತ್ರಕ್ಕೂ 65,535 ಬಾಗಿಲು ಅಂದುಕೊಳ್ಳಿ, ಅವೇ ಪೋರ್ಟ್‌ಗಳು. ಬಾಗಿಲು ತಟ್ಟಿದಾಗ "ಬನ್ನಿ" ಅಂತ ಉತ್ತರ ಬಂದ್ರೆ ತೆರೆದಿದೆ. "ಇಲ್ಲಿ ಯಾರೂ ಇಲ್ಲ" ಅಂದ್ರೆ ಮುಚ್ಚಿದೆ. ಯಾವ ಉತ್ತರವೂ ಇಲ್ಲ ಅಂದ್ರೆ ಮಧ್ಯದಲ್ಲಿ ಫೈರ್‌ವಾಲ್ ನಿಂತಿರಬಹುದು. 1998ರಲ್ಲಿ ಲಯನ್ ಇದಕ್ಕೆ ಇನ್ನೊಂದು ವಿದ್ಯೆ ಸೇರಿಸಿದ್ರು. ಮುಂಬೈ ಲೋಕಲ್ ಟ್ರೈನ್‌ನಲ್ಲಿ ಯಾರಾದ್ರೂ ಕನ್ನಡ ಮಾತಾಡಿದ್ರೆ ಎರಡೇ ಮಾತಿಗೆ ಇವರು ಮಂಗಳೂರು ಕಡೆಯವರು, ಇವರು ಕಲಬುರಗಿ ಕಡೆಯವರು ಅಂತ ನಮಗೆ ಗೊತ್ತಾಗುತ್ತಲ್ಲ, ಹಾಗೆ. ಒಂದೇ ನಿಯಮವನ್ನ ಲಿನಕ್ಸ್ ಒಂದು ಧಾಟಿಯಲ್ಲಿ ಪಾಲಿಸಿದ್ರೆ ವಿಂಡೋಸ್ ಇನ್ನೊಂದು ಧಾಟಿಯಲ್ಲಿ ಪಾಲಿಸುತ್ತೆ. ಪ್ಯಾಕೆಟ್‌ನ ಆಯಸ್ಸು ಹೇಳೋ ಟಿಟಿಎಲ್ ಸಂಖ್ಯೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64ರಿಂದ, ವಿಂಡೋಸ್‌ನಲ್ಲಿ 128ರಿಂದ ಶುರುವಾಗುತ್ತೆ. ನಿಯಮದಲ್ಲೇ ಇಲ್ಲದ ಅಡ್ಡಾದಿಡ್ಡಿ ಪ್ಯಾಕೆಟ್ ಕಳಿಸಿದ್ರೆ ಒಂದೊಂದು ಸಿಸ್ಟಂ ಒಂದೊಂದು ಥರ ಗಾಬರಿಯಾಗುತ್ತೆ. ಇವನ್ನೆಲ್ಲ ಸೇರಿಸಿ ಅದು ಯಾವ ಆಪರೇಟಿಂಗ್ ಸಿಸ್ಟಂ ಅಂತ ಎನ್‌ಮ್ಯಾಪ್ ಊಹಿಸುತ್ತೆ. 2003ರಲ್ಲಿ ಬಾಗಿಲ ಹಿಂದಿರೋ ಸಾಫ್ಟ್‌ವೇರ್‌ನ ಹೆಸರು, ಆವೃತ್ತಿ ಗುರುತಿಸೋದೂ ಬಂತು.

ಇಲ್ಲೂ ಎರಡು ತೊಡಕು. ಒಂದು, ಬೇರೆ ಹೇಳದಿದ್ರೆ ಎನ್‌ಮ್ಯಾಪ್ ಹೆಚ್ಚು ಬಳಕೆಯ 1,000 ಪೋರ್ಟ್‌ಗಳನ್ನ ಮಾತ್ರ ತಟ್ಟುತ್ತೆ. ಯಾರೋ ಒಬ್ಬ ವಿಚಿತ್ರ ಪೋರ್ಟ್‌ನಲ್ಲಿ ಸೇವೆ ನಡೆಸಿದ್ರೆ ಅದು ಪಟ್ಟಿಗೇ ಬರಲ್ಲ. ಎರಡು, ಆವೃತ್ತಿಯ ಸಂಖ್ಯೆ ಪೂರ್ತಿ ಸತ್ಯ ಹೇಳಲ್ಲ. ರೆಡ್ ಹ್ಯಾಟ್‌ನಂಥವರು ಹಳೇ ಆವೃತ್ತಿಯನ್ನೇ ಇಟ್ಟುಕೊಂಡು ಹೊಸ ದೋಷದ ರಿಪೇರಿಯನ್ನ ಅದಕ್ಕೇ ತೇಪೆ ಹಾಕ್ತಾರೆ. ಹೊರಗಿಂದ ನೋಡೋ ಸ್ಕ್ಯಾನರ್‌ಗೆ ಹಳೇ ಸಂಖ್ಯೆ ಕಾಣುತ್ತೆ, ಅದು ಅಪಾಯ ಅಂತ ಕೂಗುತ್ತೆ. ನಿಜವಾಗಿ ರಿಪೇರಿ ಆಗಿರುತ್ತೆ. ದಿನಾ ಇಂಥ ಸುಳ್ಳು ಕೂಗು ಕೇಳಿ ಕೇಳಿ ನಿಜವಾದ ಕೂಗಿಗೂ ಕಿವಿ ಕಿವುಡಾಗುತ್ತೆ.

ಒಳಗೆ ಹೋಗಿ ನೋಡೋದು, ಹೊರಗಿಂದ ಎಲ್ಲವನ್ನೂ ನೋಡೋದು

ಹಾಗಾಗಿ ಸ್ಕ್ಯಾನರ್‌ಗೆ ಗುಪ್ತಪದ ಕೊಟ್ಟು ಒಳಗೇ ಬಿಡೋ ಪದ್ಧತಿ ಬಂತು. ಲಿನಕ್ಸ್‌ನಲ್ಲಿ ಆರ್‌ಪಿಎಂ, ಡಿಪಿಕೆಜಿಯಂಥ ವ್ಯವಸ್ಥೆಗಳು ತಾವು ಹಾಕಿದ ಪ್ರತಿ ಪ್ಯಾಕೇಜಿನ ದಾಖಲೆ ಇಟ್ಟಿರುತ್ತವೆ. ಸ್ಕ್ಯಾನರ್ ಲಾಗಿನ್ ಆಗಿ ಆ ದಾಖಲೆ ಓದಿಕೊಂಡು ಹೊರಡುತ್ತೆ. 1999ರ ಸೆಪ್ಟೆಂಬರ್‌ನಲ್ಲಿ ಸಿವಿಇ ಪಟ್ಟಿ ಶುರುವಾಯ್ತು. ಮೊದಲ ಪಟ್ಟಿಯಲ್ಲಿ 321 ದೋಷ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅಲ್ಲಿಂದ ಮುಂದೆ ಸ್ಕ್ಯಾನರ್‌ನ ಕೆಲಸ ಎರಡು ಪಟ್ಟಿ ಹೋಲಿಸೋದು: ನಿಮ್ಮ ಹತ್ತಿರ ಏನಿದೆ, ಅದರಲ್ಲಿ ಯಾವುದಕ್ಕೆ ದೋಷದ ಸಂಖ್ಯೆ ಇದೆ.

ಇದೇ ಹೊತ್ತಿಗೆ ನಡೀತಿದ್ದದ್ದು ವೈಟುಕೆ ಕೆಲಸ. ಇದನ್ನ ನೋಡ್ತಿರೋ ಹಿರಿಯರಲ್ಲಿ ಎಷ್ಟೋ ಜನ ಮುಂಬೈ, ಚೆನ್ನೈ, ಹೈದರಾಬಾದಿಗೆ ಬಂದಿದ್ದೇ ಆ ಕೆಲಸಕ್ಕೆ. ಅವರನ್ನ ಕೇಳಿ ನೋಡಿ, ಮೊದಲ ಹಂತ ಇನ್ವೆಂಟರಿ. ಎಷ್ಟು ಪ್ರೋಗ್ರಾಮ್ ಇದೆ, ಯಾವುದು ಯಾವುದನ್ನ ಕರೆಯುತ್ತೆ ಅಂತ ಪಟ್ಟಿ ಮಾಡದೇ ಎರಡಂಕಿಯ ವರ್ಷವನ್ನ ನಾಲ್ಕಂಕಿ ಮಾಡೋಕೆ ಸಾಧ್ಯವೇ ಇರಲಿಲ್ಲ.

ಹೊರಗಿನ ಎಣಿಕೆಯೂ ಬೆಳೀತಿತ್ತು. 2009ರಲ್ಲಿ ಜಾನ್ ಮ್ಯಾಥರ್ಲಿ ಶೋಡಾನ್ ಶುರು ಮಾಡಿದ್ರು. ಅಂತರ್ಜಾಲಕ್ಕೆ ಮುಖ ಮಾಡಿರೋ ಸಾಧನಗಳು ತಾವೇ ಹೇಳಿಕೊಳ್ಳೋ ವಿವರಗಳನ್ನ ಕೂಡಿಟ್ಟು ಹುಡುಕೋಕೆ ಕೊಡೋ ತಾಣ ಅದು. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜಾಕಿರ್ ದುರುಮೆರಿಕ್ ಮತ್ತು ಜೊತೆಗಾರರು ಝೆಡ್‌ಮ್ಯಾಪ್ ತಂದ್ರು. ಹಳೇ ಸ್ಕ್ಯಾನರ್‌ಗಳು ಯಾರಿಗೆ ಏನು ಕಳಿಸಿದ್ದೆ ಅಂತ ನೆನಪಿಟ್ಟುಕೊಂಡು ಕಾಯ್ತಿದ್ವು. ಇದು ನೆನಪಿಟ್ಟುಕೊಳ್ಳೋದನ್ನೇ ಬಿಡ್ತು. ಕಳಿಸೋ ಪ್ಯಾಕೆಟ್ ಒಳಗೇ ಒಂದು ಗುರುತು ಬರೆದು ಕಳಿಸಿ, ಉತ್ತರ ಬಂದಾಗ ಆ ಗುರುತು ನೋಡಿಕೊಳ್ತು. ಫಲ ಏನು ಅಂದ್ರೆ, ಒಂದೇ ಕಂಪ್ಯೂಟರ್‌ನಿಂದ, ಇಡೀ ಜಗತ್ತಿನ ಐಪಿವಿ4 ವಿಳಾಸಗಳಲ್ಲಿ ಒಂದು ಪೋರ್ಟನ್ನ 45 ನಿಮಿಷದೊಳಗೆ ತಟ್ಟಿ ಮುಗಿಸಬಹುದು.

ಇದರ ಅರ್ಥ ಸ್ವಲ್ಪ ಯೋಚಿಸಿ. ನಿಮ್ಮ ಮನೆಗೆ ಎಷ್ಟು ಕಿಟಕಿ ತೆರೆದಿವೆ ಅಂತ ದಾರಿಹೋಕನಿಗೆ ಮುಕ್ಕಾಲು ಗಂಟೆಯಲ್ಲಿ ಗೊತ್ತಾಗುತ್ತೆ. ನಿಮಗೆ?

ಮಾರ್ಚ್ 15ರ ಸ್ಕ್ಯಾನ್

ಆ ಪ್ರಶ್ನೆಯ ಬೆಲೆ ಎಷ್ಟು ಅನ್ನೋದಕ್ಕೆ ಅಮೆರಿಕದ ಈಕ್ವಿಫ್ಯಾಕ್ಸ್ ಪ್ರಕರಣ ಸಾಕು. ಜನರ ಸಾಲದ ಇತಿಹಾಸ ಇಟ್ಟುಕೊಳ್ಳೋ ಕಂಪನಿ ಅದು, ನಮ್ಮ ಸಿಬಿಲ್ ಥರ. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರ್‌ನ ದೋಷ ಹೊರಬಂತು. 9ರಂದು ಕಂಪನಿಯೊಳಗೆ 400ಕ್ಕೂ ಹೆಚ್ಚು ಜನರಿಗೆ ಮೇಲ್ ಹೋಯ್ತು: 48 ಗಂಟೆಯೊಳಗೆ ಸರಿ ಮಾಡಿ. 15ರಂದು ಸ್ಕ್ಯಾನ್ ಮಾಡಿದ್ರು. ದೋಷ ಇರೋ ಸ್ಟ್ರಟ್ಸ್ ಎಲ್ಲೂ ಸಿಗಲಿಲ್ಲ.

ಅದು ಇತ್ತು. ಗ್ರಾಹಕರು ತಕರಾರು ಸಲ್ಲಿಸೋ ವ್ಯವಸ್ಥೆಯಲ್ಲಿ ಇತ್ತು. ಆ ವ್ಯವಸ್ಥೆಯ ಮೂಲ 1970ರ ದಶಕದ್ದು. ಅಮೆರಿಕದ ಸಂಸತ್ತಿನ ತನಿಖೆಗಳು ಹೇಳೋ ಪ್ರಕಾರ, ಸ್ಕ್ಯಾನರ್ ಮೇಲಿನ ಡೈರೆಕ್ಟರಿಯನ್ನ ನೋಡಿ ವಾಪಸ್ ಬಂದಿತ್ತು, ಸ್ಟ್ರಟ್ಸ್ ಒಳಗಿನ ಡೈರೆಕ್ಟರಿಯಲ್ಲಿತ್ತು. ಅಲ್ಲಿ ಸ್ಟ್ರಟ್ಸ್ ಬಳಸ್ತಿದೀವಿ ಅಂತ ಗೊತ್ತಿದ್ದ ಡೆವಲಪರ್ ಆ 400 ಜನರ ಮೇಲ್ ಪಟ್ಟಿಯಲ್ಲೇ ಇರಲಿಲ್ಲ. ತಮ್ಮ ಹತ್ತಿರ ಏನೇನಿದೆ ಅನ್ನೋ ಪೂರ್ತಿ ಪಟ್ಟಿ ಕಂಪನಿಯಲ್ಲಿ ಇಲ್ಲ ಅಂತ 2015ರ ಒಳ ಲೆಕ್ಕಪರಿಶೋಧನೆಯೇ ಹೇಳಿತ್ತು.

ಮೇ 13ರಂದು ಕಳ್ಳರು ಒಳಗೆ ಬಂದ್ರು. ಜುಲೈ ಕೊನೆವರೆಗೂ ಒಳಗೇ ಇದ್ರು. ಒಳಗೆ ಹೊರಗೆ ಹೋಗೋ ಮಾಹಿತಿಯನ್ನ ಪರೀಕ್ಷಿಸೋ ಸಾಧನದ ಪ್ರಮಾಣಪತ್ರದ ಅವಧಿ ಎಷ್ಟೋ ತಿಂಗಳ ಹಿಂದೆಯೇ ಮುಗಿದಿತ್ತು. ಅದನ್ನ ಹೊಸದು ಮಾಡಿದ ದಿನವೇ ಅನುಮಾನದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಗಿತ್ತು.

ಈ ಪ್ರಕರಣದಲ್ಲಿ ಸ್ಕ್ಯಾನರ್ ಕೆಟ್ಟಿರಲಿಲ್ಲ. ಹೇಳಿದ ಜಾಗ ನೋಡಿತು, ಅಲ್ಲಿ ಇಲ್ಲ ಅಂತ ಹೇಳಿತು. ಓದಿದವರು "ಅಲ್ಲಿ ಇಲ್ಲ" ಅನ್ನೋದನ್ನ "ಎಲ್ಲೂ ಇಲ್ಲ" ಅಂತ ಓದಿಕೊಂಡ್ರು.

ಮತ್ತೆ ಆ ಶನಿವಾರ

ಈಗ ನನ್ನ ಕಥೆಗೆ ವಾಪಸ್ ಬರ್ತೀನಿ. ಆ ಹದಿನಾಲ್ಕು ಸರ್ವರ್‌ಗಳ ವರದಿ ಬಂದದ್ದು ಪ್ಯಾಕೇಜಿನ ದಾಖಲೆಯಿಂದ. ಆದ್ರೆ ಜಾವಾ ಪ್ರೋಗ್ರಾಮ್‌ಗಳು ತಮಗೆ ಬೇಕಾದ ಲೈಬ್ರರಿಗಳನ್ನ ತಮ್ಮ ಜಾರ್ ಕಡತದ ಒಳಗೇ ಕಟ್ಟಿಕೊಂಡು ಬರ್ತವೆ. ಜಾರ್ ಒಳಗೆ ಜಾರ್, ಅದರೊಳಗೆ ಇನ್ನೊಂದು. ಬೀಗರ ಊರಿಗೆ ಕಟ್ಟಿಕೊಟ್ಟ ಬುತ್ತಿಯ ಹಾಗೆ, ಬಿಚ್ಚೋವರೆಗೂ ಒಳಗೇನಿದೆ ಅಂತ ಗೊತ್ತಾಗಲ್ಲ. ಆಪರೇಟಿಂಗ್ ಸಿಸ್ಟಂನ ದಾಖಲೆಯಲ್ಲಿ ಇವಕ್ಕೆ ಹೆಸರೇ ಇರಲ್ಲ. ಇದು ನನಗೆ ಪಾಠದಲ್ಲಿ ಗೊತ್ತಿತ್ತು, ಎಂಟೆಕ್ ಓದಿದ್ದು ಸುಮ್ಮನೆ ಅಲ್ಲ. ಆದ್ರೂ ಆ ರಾತ್ರಿ ವರದಿಯ ಹದಿನಾಲ್ಕು ಅನ್ನೋ ಸಂಖ್ಯೆ ನೋಡಿ ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು.

ಮುಂದಿನ ಬುಧವಾರ, ಪ್ರತಿ ಡಿಸ್ಕ್‌ನ ಪ್ರತಿ ಜಾರ್ ಬಿಚ್ಚಿ ಆ ದೋಷದ ಕ್ಲಾಸ್ ಕಡತ ಇದೆಯಾ ಅಂತ ಹುಡುಕೋ ಸ್ಕ್ರಿಪ್ಟ್ ಓಡಿಸಿದ್ವಿ. ಇನ್ನೂ ಒಂಬತ್ತು ಸಿಕ್ಕವು. ಎಂಟಕ್ಕೆ ಮಾಲೀಕರಿದ್ರು. ಒಂದಕ್ಕೆ ಯಾರೂ ಇಲ್ಲ. ಸರಬರಾಜುದಾರರಿಗೆ ವರದಿ ತೋರಿಸೋ ಹಳೇ ಸರ್ವರ್ ಅದು, ಅಂತರ್ಜಾಲಕ್ಕೆ ಮುಖ ಮಾಡಿತ್ತು. ಗ್ರೂಪ್‌ನಲ್ಲಿ ಕೇಳಿದ್ರೆ ಎಲ್ಲರೂ ಮೌನ. ಕೊನೆಗೆ ಒಬ್ಬರಿಗೆ ನೆನಪಾಯ್ತು, ಕೆಲಸ ಬಿಟ್ಟು ಹೈದರಾಬಾದಿಗೆ ಹೋದ ಧಾರವಾಡ ಕಡೆಯ ಹಿರಿಯರೊಬ್ಬರು ಅದನ್ನ ಹಾಕಿದ್ರು ಅಂತ. ಫೋನ್ ಮಾಡಿದೆ.

"ಸರ್, ನೀವು ಹಾಕಿದ್ದ ಆ ರಿಪೋರ್ಟ್ ಸರ್ವರ್ ಬಗ್ಗೆ ಕೇಳಬೇಕಿತ್ತು."

"ಏನಂತೀರಿ, ಅದಿನ್ನೂ ನಡದದೇನು? ನಾ ಬಂದ್ ಮಾಡ್ರಿ ಅಂತ ಹೇಳಿ ಬಂದಿದ್ನೆಲ್ಲಾ!"

ಹದಿನೈದೇ ನಿಮಿಷದಲ್ಲಿ ಅದು ಯಾವ ಡೇಟಾಬೇಸ್ ಜೊತೆ ಮಾತಾಡುತ್ತೆ, ಆಫ್ ಮಾಡಿದ್ರೆ ಏನೇನು ನಿಲ್ಲುತ್ತೆ ಅಂತ ಎಲ್ಲ ಹೇಳಿದ್ರು. ಯಾವ ಸ್ಕ್ಯಾನರ್‌ಗೂ ಅದು ಗೊತ್ತಿರಲಿಲ್ಲ. ಸರ್ವರ್ ಆಫ್ ಮಾಡಿದ್ವಿ. ಆದ್ರೆ ಶುಕ್ರವಾರದಿಂದ ಬುಧವಾರದವರೆಗಿನ ಐದು ದಿನದಲ್ಲಿ ಯಾರಾದ್ರೂ ಒಳಗೆ ಬಂದಿದ್ರಾ? ಅದರ ಲಾಗ್ ಮೂರು ದಿನಕ್ಕೊಮ್ಮೆ ಅಳಿಸಿಹೋಗ್ತಿತ್ತು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ವರದಿಯಲ್ಲಿ "ದುರ್ಬಳಕೆಯ ಪುರಾವೆ ಸಿಕ್ಕಿಲ್ಲ" ಅಂತ ಬರೆದ್ವಿ. ಆ ವಾಕ್ಯ ಬರೆದವನು ನಾನೇ. ಅದೂ "ಅಲ್ಲಿ ಇಲ್ಲ" ಅನ್ನೋ ಜಾತಿಯ ವಾಕ್ಯವೇ ಅಂತ ಬರೆಯುವಾಗಲೇ ಗೊತ್ತಿತ್ತು.

ಆಮೇಲೆ ನಿಯಮಗಳು ಬಂದವು. ಭಾರತದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಬೇಕು, ಘಟನೆಯನ್ನ 6 ಗಂಟೆಯೊಳಗೆ ತಿಳಿಸಬೇಕು. ಅಮೆರಿಕದಲ್ಲಿ 2021ರ ಮೇ ತಿಂಗಳ ಅಧ್ಯಕ್ಷೀಯ ಆದೇಶ ಎಸ್‌ಬಾಮ್ ಅನ್ನೋ ವಿಚಾರವನ್ನ ಮುಂದೆ ತಂದಿತ್ತು. ಸಾಫ್ಟ್‌ವೇರ್ ಕೊಡುವಾಗಲೇ ಅದರೊಳಗೆ ಯಾವ ಯಾವ ಲೈಬ್ರರಿ ಇದೆ ಅನ್ನೋ ಪಟ್ಟಿಯನ್ನೂ ಕೊಡಬೇಕು, ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಾಮಗ್ರಿ ಬರೆದ ಹಾಗೆ. ಸರ್ಟ್-ಇನ್ ಕೂಡ 2024ರಲ್ಲಿ ಇದರ ಮಾರ್ಗಸೂಚಿ ತಂತು.

ಎಸ್‌ಬಾಮ್ ಅಂದ್ರೇನು ನೋಡಿ. ಮಾಡಿದವನೇ ಹೇಳಿ ಬರೆಸೋ ಪಟ್ಟಿ. ಜೇಕ್ ಫೈನ್ಲರ್ ಅವರ ಕಡತದ ತತ್ವಕ್ಕೇ ಒಂದು ಸುತ್ತು ಹಾಕಿ ಬಂದಿದೀವಿ. ಅದಕ್ಕೆ ನನಗೆ ಬೇಸರ ಇಲ್ಲ. ಹೇಳಿ ಬರೆಸೋದು, ಕೇಳೋದು, ನಡವಳಿಕೆಯಿಂದ ಊಹಿಸೋದು, ಒಳಗೆ ಹೋಗಿ ನೋಡೋದು, ಇವು ನಾಲ್ಕರಲ್ಲಿ ಒಂದೊಂದೂ ಒಂದೊಂದು ಕಡೆ ಕುರುಡು. ನಾಲ್ಕನ್ನೂ ಎದುರುಬದುರು ಇಟ್ಟಾಗ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಯಾವುದು ಅಂತ ಹುಡುಕಿದಾಗ, ಮರೆತ ಸರ್ವರ್ ಸಿಗುತ್ತೆ.

ಆ ಡಿಸೆಂಬರ್ ಆದ್ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದೀನಿ. ಸ್ಕ್ಯಾನ್ ವರದಿ ಬಂದಾಗ ಸಿಕ್ಕಿದ್ದನ್ನ ನೋಡೋ ಮೊದಲು ಅದು ಎಲ್ಲೆಲ್ಲಿ ನೋಡಿದೆ, ಎಲ್ಲಿ ಲಾಗಿನ್ ಆಗೋಕೆ ಆಗಲಿಲ್ಲ, ಯಾವ ವಿಳಾಸಗಳನ್ನ ಬಿಟ್ಟಿದೆ ಅನ್ನೋ ಪುಟ ತೆಗೀತೀನಿ. ಸಾಮಾನ್ಯವಾಗಿ ಅದು ಕೊನೇ ಪುಟ, ಯಾರೂ ಓದಲ್ಲ. ಇನ್ನೊಂದು, ತಂಡದಲ್ಲಿ ಯಾರಾದ್ರೂ ಕೆಲಸ ಬಿಟ್ಟು ಹೊರಟಾಗ ಬೀಳ್ಕೊಡುಗೆ ಊಟಕ್ಕೆ ಮೊದಲು ಅರ್ಧ ಗಂಟೆ ಕೂರಿಸಿಕೊಂಡು ಕೇಳ್ತೀನಿ: "ನೀವು ಹಾಕಿದ್ದು, ನಮಗೆ ಗೊತ್ತಿಲ್ಲದ್ದು ಏನಾದ್ರೂ ಎಲ್ಲಾದ್ರೂ ಓಡ್ತಿದೆಯಾ?"

ಇಲ್ಲಿವರೆಗೆ ಒಬ್ಬರೂ "ಇಲ್ಲ" ಅಂದಿಲ್ಲ.

ನಿಮ್ಮ ಕಚೇರಿಯಲ್ಲೂ ನಾಳೆ ಒಂದ್ಸಲ ಕೇಳಿ ನೋಡಿ.